ಕೇಳಿದ್ದರೆ ಕೊಡುತ್ತಿದ್ದೆವು

ನಿಮ್ಮದೊಂದು ಲಿಂಕ್ಡ್‌ಇನ್ ಖಾತೆ ಇದ್ದರೆ, ಓದುವುದನ್ನು ಒಂದು ನಿಮಿಷ ನಿಲ್ಲಿಸಿ ಸೆಟ್ಟಿಂಗ್ಸ್ ತೆರೆಯಿರಿ. ಡೇಟಾ ಪ್ರೈವಸಿ ಅನ್ನುವ ಭಾಗದಲ್ಲಿ ‘ಡೇಟಾ ಫಾರ್ ಜನರೇಟಿವ್ ಎಐ ಇಂಪ್ರೂವ್‌ಮೆಂಟ್’ ಅಂತ ಒಂದು ಸಾಲು ಇದೆ. ನೀವು ಅದನ್ನು ಯಾವತ್ತೂ ಮುಟ್ಟಿಲ್ಲದಿದ್ದರೆ ಪಕ್ಕದ ಬಟನ್ ಬಹುಶಃ ಆನ್ ಆಗಿಯೇ ಇರುತ್ತದೆ. ಅಂದರೆ, ನೀವು ಅಲ್ಲಿ ಬರೆದ ಪೋಸ್ಟು, ಪ್ರೊಫೈಲಿನ ವಿವರ ಇವನ್ನೆಲ್ಲ ಎಐ ತರಬೇತಿಗೆ ಬಳಸಿಕೊಳ್ಳಿ ಅಂತ ನಿಮ್ಮ ಪರವಾಗಿ ಯಾರೋ ಹೂಂ ಅಂದುಬಿಟ್ಟಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಈ ಬಟನ್ ಜನರ ಕಣ್ಣಿಗೆ ಬಿದ್ದಾಗ ಯುರೋಪಿನವರ ಡೇಟಾವನ್ನು ಹೀಗೆ ಬಳಸುತ್ತಿರಲಿಲ್ಲ. ನಮ್ಮದಕ್ಕೆ ಆ ತಡೆ ಇರಲಿಲ್ಲ. ಈಗ ಆಫ್ ಮಾಡಿದರೆ ಮುಂದಿನದಕ್ಕೆ ತಡೆ ಬೀಳುತ್ತದೆ. ಆಗಲೇ ಆಗಿಹೋದ ತರಬೇತಿಗೆ ಅದು ತಟ್ಟುವುದಿಲ್ಲ ಅಂತ ಕಂಪನಿಯೇ ಹೇಳಿದೆ.

ಎಕ್ಸ್‌ನಲ್ಲೂ (ಹಳೆಯ ಟ್ವಿಟರ್) ಇಂಥದೇ ಬಟನ್ ಇದೆ. ಪ್ರೈವಸಿ ಅಂಡ್ ಸೇಫ್ಟಿ ಒಳಗೆ ಗ್ರೋಕ್ ಅನ್ನುವ ಅವರ ಎಐ ಹೆಸರಿನಲ್ಲಿ ಹುಡುಕಿ. ಅದನ್ನೂ ಕಂಪನಿಯೇ ಆನ್ ಮಾಡಿಟ್ಟಿತ್ತು.

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ನಮಗೆ ಅಷ್ಟೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಸೆನೆಟ್ ಸಮಿತಿಯೊಂದು ಇವೆರಡನ್ನೂ ನಡೆಸುವ ಮೆಟಾ ಕಂಪನಿಯ ಅಧಿಕಾರಿಯನ್ನು ಕೂರಿಸಿಕೊಂಡು ನೇರವಾಗಿ ಕೇಳಿತು. 2007ರಿಂದ ಈಚೆಗೆ ದೊಡ್ಡವರು ಪಬ್ಲಿಕ್ ಆಗಿ ಹಾಕಿದ ಬರಹ, ಫೋಟೊ ಎಲ್ಲವನ್ನೂ, ಅವರಾಗಿಯೇ ಪ್ರೈವೇಟ್ ಮಾಡಿಕೊಂಡಿರದಿದ್ದರೆ, ಎಐಗಾಗಿ ತೆಗೆದುಕೊಂಡಿದ್ದೀರಿ ತಾನೇ? ಹೌದು ಅಂತ ಉತ್ತರ ಬಂತು. ಹಾಗಾದರೆ ಬೇಡ ಅನ್ನುವ ಅವಕಾಶ ಆಸ್ಟ್ರೇಲಿಯಾದವರಿಗೂ ಉಂಟಾ? ಇಲ್ಲ. ಯುರೋಪಿನವರಿಗೆ ಉಂಟು, ಯಾಕಂದರೆ ಅಲ್ಲಿ ಕಾನೂನು ಬಿಗಿ. ಐರ್ಲೆಂಡಿನ ಡೇಟಾ ರಕ್ಷಣಾ ಆಯೋಗ ಕೇಳಿದ್ದಕ್ಕೆ ಮೆಟಾ 2024ರ ಜೂನ್‌ನಲ್ಲಿ ಅಲ್ಲಿ ಕೆಲಸ ನಿಲ್ಲಿಸಿತ್ತು. ಮತ್ತೆ ಶುರು ಮಾಡಿದ್ದು 2025ರ ಮೇ 27ಕ್ಕೆ, ಅದೂ ಎಲ್ಲರಿಗೂ ತಿಳಿಸಿ, ಆಕ್ಷೇಪಣೆ ಫಾರಂ ಕೊಟ್ಟು. ಬ್ರೆಜಿಲ್‌ನ ಡೇಟಾ ಪ್ರಾಧಿಕಾರವೂ 2024ರ ಜುಲೈನಲ್ಲಿ ತಡೆ ಹಾಕಿತು. ಬೇಡ ಅನ್ನುವವರಿಗೆ ದಾರಿ ಮಾಡಿಕೊಡುವ ಷರತ್ತಿನ ಮೇಲೆ ಆಮೇಲೆ ಬಿಟ್ಟಿತು.

ಇಷ್ಟನ್ನು ಓದಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ಈ ಬಟನ್ ಎಲ್ಲಿ ಇದೆಯೋ ಅಲ್ಲೆಲ್ಲ ಹೆಚ್ಚಾಗಿ ಯಾರೋ ಕೇಳಿದ್ದಾರೆ, ಜಗ್ಗಿದ್ದಾರೆ. ಕಂಪನಿ ತಾನಾಗಿ ಕೊಡುವ ವಸ್ತು ಅಲ್ಲ ಅದು. ಯುರೋಪಿನವರಿಗೆ ಕೊಟ್ಟಂಥ ಆಕ್ಷೇಪಣೆ ಫಾರಂ ಇಲ್ಲಿ ನಮಗೆ ಸಿಕ್ಕಿಲ್ಲ. ನಾವು ಇನ್ನೂ ಕೇಳಿಲ್ಲ.

ನಾನು ಮೈಸೂರಿನಲ್ಲಿರುವವಳು. ತವರು ಪಾಂಡವಪುರದ ಕಡೆ. ನಮ್ಮ ಕಡೆಯವರು ಫೇಸ್‌ಬುಕ್‌ನಲ್ಲಿ ಏನೇನು ಬರೆಯುತ್ತಾರೆ ಅಂತ ಸುಮ್ನೆ ಒಮ್ಮೆ ಗಮನಿಸಿ. ಮಳೆಗಾಲ ಬಂದರೆ ಕಟ್ಟೆ ಎಷ್ಟು ತುಂಬಿತು ಅಂತ ದಿನಾ ಲೆಕ್ಕ. ಕೆಆರ್‌ಎಸ್ 124.80 ಅಡಿ ಮುಟ್ಟಿದ ದಿನ ಎಲ್ಲರ ಗೋಡೆಯ ಮೇಲೂ ಅದೇ ಫೋಟೊ. ಕೆಳಗೆ ‘ನಾಲೆಗೆ ನೀರ್ ಬುಟ್ಟವ್ರಾ?’ ಅಂತ ಒಬ್ಬರು, ‘ನಮ್ ಕಡೀಕೆ ಇನ್ನೂ ಬಂದಿಲ್ಲ ಕನಣ್ಣ’ ಅಂತ ಇನ್ನೊಬ್ಬರು. ಕಬ್ಬಿನ ಬಾಕಿ ಹಣದ ಜಗಳ. ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋದ ಫೋಟೊ. ಉಪ್ಸಾರಿನ ಖಾರಕ್ಕೆ ಮೆಣಸಿನಕಾಯಿ ಸುಡಬೇಕೋ ಬೇಯಿಸಬೇಕೋ ಅಂತ ವಾದ. ತೀರಿಹೋದ ಅಜ್ಜಿಯ ಬಗ್ಗೆ ಬರೆದ ಉದ್ದದ ಪೋಸ್ಟು. ಮಗುವಿಗೆ ಹುಷಾರಿಲ್ಲ, ರಕ್ತ ಬೇಕು ಅನ್ನುವ ಮನವಿ, ಜೊತೆಗೆ ಫೋನ್ ನಂಬರ್.

ಇವರ್ಯಾರೂ ಯಂತ್ರಕ್ಕಾಗಿ ಬರೆದದ್ದಲ್ಲ. ಪಬ್ಲಿಕ್ ಆಗಿ ಇಟ್ಟದ್ದು ಹೌದು. ಊರಿನವರು ನೋಡಲಿ, ದೂರ ಇರುವ ನೆಂಟರು ನೋಡಲಿ, ರಕ್ತ ಕೊಡುವವರು ಯಾರಾದರೂ ಸಿಗಲಿ ಅಂತ. ಜಾತ್ರೆಯಲ್ಲಿ ನಿಂತು ಮಾತಾಡುವವರು ಗುಟ್ಟಾಗಿ ಮಾತಾಡುವುದಿಲ್ಲ, ಅಲ್ವಾ? ಹಾಗಂತ ಆ ಮಾತನ್ನು ಯಾರು ಬೇಕಾದರೂ ರೆಕಾರ್ಡ್ ಮಾಡಿ ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು ಅಂತ ಯಾರೂ ಒಪ್ಪಿರುವುದಿಲ್ಲ. ಕಂಪನಿಗಳ ಇಡೀ ವಾದ ನಿಂತಿರುವುದು ‘ಪಬ್ಲಿಕ್ ಆಗಿತ್ತಲ್ಲ’ ಅನ್ನುವ ಒಂದೇ ಮಾತಿನ ಮೇಲೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಓದಲಿ ಅಂತ ಇಟ್ಟದ್ದು ಬೇರೆ, ಕೊಂಡೊಯ್ಯಲಿ ಅಂತ ಇಟ್ಟದ್ದು ಬೇರೆ.

ಕನ್ನಡದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. 2011ರ ಜನಗಣತಿ ಪ್ರಕಾರ ಕನ್ನಡ ತಾಯಿಮಾತಾಗಿರುವವರು 4.37 ಕೋಟಿ. ಇಷ್ಟು ಜನರಿದ್ದರೂ ಜಾಲದಲ್ಲಿ ಸಿಗುವ ಕನ್ನಡ ಬರಹ ಬಹಳ ಕಡಿಮೆ. ಎಐ ಕಂಪನಿಗಳು ಹೆಚ್ಚಾಗಿ ನೆಚ್ಚಿಕೊಂಡಿರುವ ಕಾಮನ್ ಕ್ರಾಲ್ ಅನ್ನುವ ದೊಡ್ಡ ಸಂಗ್ರಹದಲ್ಲಿ ಕನ್ನಡದ ಪಾಲು ನೂರಕ್ಕೆ ಒಂದರ ಹತ್ತನೇ ಭಾಗವೂ ಇಲ್ಲ. ಅದರಲ್ಲೂ ಪತ್ರಿಕೆಯ ಕನ್ನಡ, ವಿಕಿಪೀಡಿಯದ ಕನ್ನಡ ಸಿಗುತ್ತದೆ. ಮಂಡ್ಯದ ಆಡುಮಾತು ಬರಹದಲ್ಲಿ ಎಲ್ಲಿ ಸಿಗಬೇಕು? ಒಂದಿಷ್ಟು ಕಥೆ ಕಾದಂಬರಿಗಳಲ್ಲಿ. ಬಿಟ್ಟರೆ ಜನ ಹಾಕುವ ಕಮೆಂಟುಗಳಲ್ಲಿ. ಹಾಗಾಗಿ ಇವತ್ತು ಒಂದು ಯಂತ್ರ ‘ಬುಡತ್ಲಾಗೆ’ ಅಂತ ಸರಿಯಾದ ಜಾಗದಲ್ಲಿ ಹೇಳಿದರೆ, ಅದನ್ನು ಕಲಿಸಿದ್ದು ನಮ್ಮ ಕಡೆಯ ಹೆಸರಿಲ್ಲದ ಸಾವಿರಾರು ಜನ ಅಂತಲೇ ನಾನು ನಂಬುತ್ತೇನೆ. ಇಂಗ್ಲಿಷಿನಲ್ಲಿ ಬರೆಯುವವರ ಒಂದು ಸಾಲು ಕೋಟ್ಯಂತರ ಸಾಲುಗಳಲ್ಲಿ ಕಳೆದುಹೋಗುತ್ತದೆ. ನಮ್ಮ ಒಂದು ಸಾಲಿಗೆ ತೂಕ ಜಾಸ್ತಿ.

ತೂಕ ಜಾಸ್ತಿ ಅಂದರೆ ಅಪಾಯವೂ ಇದೆ. ದೊಡ್ಡ ಭಾಷಾ ಮಾದರಿಗಳು, ಅಂದರೆ ಬರಹ ಓದಿ ಮಾತು ಕಲಿಯುವ ಈ ಎಐ ಯಂತ್ರಗಳು, ತಾವು ಓದಿದ ಕೆಲವು ಸಾಲುಗಳನ್ನು ಹಾಗ್ಹಾಗೇ ಉಳಿಸಿಕೊಂಡು, ಸರಿಯಾಗಿ ಕೆದಕಿದರೆ ವಾಪಸ್ ಒಪ್ಪಿಸಿಬಿಡುತ್ತವೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಿಪಿಟಿ-2 ಮಾದರಿಯಿಂದ ಹೀಗೆ ನಿಜವಾದ ವ್ಯಕ್ತಿಗಳ ಹೆಸರು, ಫೋನ್ ನಂಬರ್, ವಿಳಾಸ ಹೊರಗೆ ಬಂದವು. ರಕ್ತ ಬೇಕು ಅಂತ ಹಾಕಿದ ಆ ಫೋನ್ ನಂಬರನ್ನು ನೆನಪಿಸಿಕೊಳ್ಳಿ. ಆ ಪೋಸ್ಟು ಎಷ್ಟು ಜನರ ಗೋಡೆಯ ಮೇಲೆ ನಕಲಾಗಿದೆಯೋ. ಹೆಚ್ಚು ಸಲ ನಕಲಾದ ಸಾಲುಗಳೇ ಮಾದರಿಗಳಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ.

ಆಮೇಲೆ ತೆಗೆಸಿಕೊಳ್ಳಬಹುದಲ್ಲ ಅಂತ ಕೇಳಬಹುದು. ಆಗುವುದಿಲ್ಲ, ಅಥವಾ ತುಂಬಾ ಕಷ್ಟ. ಮಾದರಿಯ ಒಳಗೆ ನಿಮ್ಮ ಪೋಸ್ಟು ಒಂದು ಫೈಲಿನ ಹಾಗೆ ಕೂತಿರುವುದಿಲ್ಲ. ತರಬೇತಿ ಅಂದರೆ ಕೋಟಿಗಟ್ಟಲೆ ಸಂಖ್ಯೆಗಳನ್ನು ಪ್ರತಿ ಸಾಲು ಓದಿದಾಗಲೂ ಚೂರುಚೂರು ತಿದ್ದುತ್ತಾ ಹೋಗುವುದು. ನಮ್ಮ ಆಲೆಮನೆಯಲ್ಲಿ ಹತ್ತು ಹೊಲದ ಕಬ್ಬು ಅರೆದು, ಹಾಲನ್ನು ಒಂದೇ ಕೊಪ್ಪರಿಗೆಗೆ ಸುರಿದು ಬೆಲ್ಲ ಕಾಯಿಸಿದ ಮೇಲೆ, ನನ್ನ ಹೊಲದ್ದನ್ನು ಮಾತ್ರ ವಾಪಸ್ ಕೊಡಿ ಅಂದರೆ ಕೊಡುವುದು ಹೇಗೆ? ಹಾಗಾಗಿ ಇಲ್ಲಿ ಕೇಳುವ ಹೊತ್ತು ಬಹಳ ಮುಖ್ಯ. ಮೊದಲು ತೆಗೆದುಕೊಂಡು, ಆಮೇಲೆ ‘ಬೇಡವಾದರೆ ಹೇಳಿ’ ಅನ್ನುವುದರಲ್ಲಿ ಒಪ್ಪಿಗೆ ಅನ್ನುವುದಕ್ಕೆ ಜಾಗವೇ ಇಲ್ಲ.

ಮಾನಸಗಂಗೋತ್ರಿಯಲ್ಲಿ ಭಾಷಾಶಾಸ್ತ್ರ ಓದಿದ ಗೆಳೆಯನೊಬ್ಬ ಇದೆಲ್ಲ ಕೇಳಿ ನನ್ನ ಜೊತೆ ಗಟ್ಟಿಯಾಗಿಯೇ ವಾದ ಮಾಡಿದ. ‘ನೀನು ಹೇಳೋ ಹಾಗೆ ಕನ್ನಡದವರೆಲ್ಲ ಆಫ್ ಮಾಡ್ಕೊಂಡು ಕೂತರೆ ನಷ್ಟ ಯಾರಿಗೆ? ಕಂಪನಿಗೆ ಏನೂ ಆಗಲ್ಲ. ಕನ್ನಡ ಬರದ ಎಐ ಬರುತ್ತೆ. ನಿಮ್ಮೂರಿನ ರೈತ ತನ್ನ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಿದರೆ ಅದಕ್ಕೆ ಅರ್ಥ ಆಗಲ್ಲ. ಆಗ ಮತ್ತೆ ಇಂಗ್ಲಿಷ್ ಬಂದವನೇ ಮುಂದೆ ಹೋಗ್ತಾನೆ’ ಅಂದ.

ಈ ಮಾತನ್ನು ನಾನು ಸುಲಭಕ್ಕೆ ತಳ್ಳಿಹಾಕಲಾರೆ. ಅವನು ಹೇಳಿದ್ದರಲ್ಲಿ ನಿಜ ಇದೆ. ಯಂತ್ರಗಳು ಕನ್ನಡ ಕಲಿಯಬೇಕು ಅಂತ ನನಗೂ ಆಸೆ. ಚೆನ್ನಾಗಿಯೇ ಕಲಿಯಬೇಕು, ನಮ್ಮ ಕಡೆಯ ಮಾತನ್ನೂ ಕಲಿಯಬೇಕು. ಆದರೆ ಕಲಿಸಲು ಕದಿಯುವುದೊಂದೇ ದಾರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೇರೆ ದಾರಿ ನಮ್ಮ ಕಣ್ಣ ಮುಂದೆಯೇ ಇದೆ. ಅವನು ಓದಿದ ಆ ಕ್ಯಾಂಪಸ್ಸಿನ ಮಗ್ಗುಲಲ್ಲೇ ಭಾರತೀಯ ಭಾಷಾ ಸಂಸ್ಥಾನ ಇದೆ. 1969ರಲ್ಲಿ ಶುರುವಾದದ್ದು. ಅಲ್ಲಿಯ ಭಾಷಾ ದತ್ತಾಂಶ ವಿಭಾಗ ಕನ್ನಡವೂ ಸೇರಿ ಭಾರತದ ಭಾಷೆಗಳ ಬರಹ, ಮಾತಿನ ಸಂಗ್ರಹವನ್ನು ಕಟ್ಟುವ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ನಡೆಸುವ ವಾಣಿ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗೆ ಹೋಗಿ, ಜನರಿಗೆ ಚಿತ್ರ ತೋರಿಸಿ, ಅವರ ಮಾತಿನಲ್ಲೇ ಅದರ ಬಗ್ಗೆ ಹೇಳಿಸಿ ದಾಖಲಿಸುತ್ತಾರೆ. ಎದುರಿಗಿರುವವರಿಗೆ ತಮ್ಮ ಮಾತು ದಾಖಲಾಗುತ್ತಿದೆ ಅನ್ನುವುದು ಗೊತ್ತಿರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಕಾರ್ಯ ಅನ್ನುವ ಸಂಸ್ಥೆಯ ಕೆಲಸ. ಅವರು ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರ ಕೈಗೆ ಫೋನ್ ಕೊಟ್ಟು ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿ ದಾಖಲಿಸಿಕೊಂಡರು. ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ದುಡ್ಡು ಕೊಟ್ಟರು. ಅಂದರೆ ನಾನೂರು ರೂಪಾಯಿ ಮೇಲೆ. ಅದೇ ಧ್ವನಿಯನ್ನು ಮತ್ತೆ ಇನ್ನೊಬ್ಬರಿಗೆ ಮಾರಿದರೆ ಓದಿದವರಿಗೆ ಮತ್ತೊಮ್ಮೆ ಪಾಲು ಹೋಗುವ ವ್ಯವಸ್ಥೆ. ಕೂಲಿಗೆ ಹೋದರೆ ಇಡೀ ದಿನಕ್ಕೆ ಸಿಗುವ ಹಣ ಒಂದು ಗಂಟೆಗೆ, ಅದೂ ತನ್ನದೇ ಮಾತಿಗೆ. ಹಳ್ಳಿಯ ಮಾತಿಗೆ ಬೆಲೆ ಇದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ಬೆಲೆ ಇದೆ ಅಂತ ಗೊತ್ತಿದ್ದೇ ಅಲ್ವಾ ಮಿಕ್ಕವರು ಕೇಳದೆ ತೆಗೆದುಕೊಂಡದ್ದು?

ಕನ್ನಡ ವಿಕಿಪೀಡಿಯಕ್ಕೆ ಬರೆಯುವವರನ್ನೂ ನೋಡಿ. ಅವರು ಬಿಟ್ಟಿಯಾಗಿಯೇ ಬರೆಯುತ್ತಾರೆ. ತಮ್ಮ ಬರಹವನ್ನು ಯಾರು ಬೇಕಾದರೂ ಬಳಸಬಹುದು, ಮೂಲವನ್ನು ಹೆಸರಿಸಬೇಕು, ಬದಲಾಯಿಸಿದರೆ ಅದನ್ನೂ ಹೀಗೇ ಮುಕ್ತವಾಗಿ ಬಿಡಬೇಕು ಅನ್ನುವ ಷರತ್ತಿಗೆ ಮೊದಲೇ ಒಪ್ಪಿ ಬರೆಯುತ್ತಾರೆ. ಕನ್ನಡದವರು ಜಿಪುಣರಲ್ಲ. ಕೇಳಿದ್ದರೆ ಕೊಡುತ್ತಿದ್ದೆವು. ಇದನ್ನು ಗೆಳೆಯನಿಗೂ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ. ಕೇಳಿ ಸಂಗ್ರಹಿಸುವ ವೇಗ ಸಾಲದು ಅನ್ನುವುದು ಅವನ ಚಿಂತೆ. ಇರಬಹುದು. ನಾನು ನಿಧಾನವನ್ನೇ ಆರಿಸಿಕೊಳ್ಳುತ್ತೇನೆ.

ಈಗ ಕಾನೂನಿನ ವಿಷಯ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಯಾರ ಹೆಸರಿನಲ್ಲಿದೆ ಗೊತ್ತಲ್ಲ? ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು. ಆಧಾರ್ ವಿಷಯದಲ್ಲಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತಾರು ವರ್ಷ. ಆ ವಯಸ್ಸಿನಲ್ಲಿ ಇಡೀ ದೇಶದ ಪರವಾಗಿ ಒಂದು ಪ್ರಶ್ನೆ ಹಿಡಿದು ನಿಂತರು. 2024ರಲ್ಲಿ ತೀರಿಕೊಂಡರು. ಮಹಾರಾಜ ಕಾಲೇಜಿನ ಮುಂದೆ ಓಡಾಡುವಾಗ ನನಗೆ ಈಗ ಅವರ ನೆನಪಾಗುತ್ತದೆ.

ಆ ತೀರ್ಪಾದ ಆರು ವರ್ಷಕ್ಕೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ. ಇದರಲ್ಲಿ ಒಳ್ಳೆಯದು ಇದೆ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಶೆಡ್ಯೂಲಿನ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳಿಸಿಕೊಳ್ಳುವುದು ನಮ್ಮ ಹಕ್ಕು. ಆದರೆ ಮೂರನೇ ಸೆಕ್ಷನ್ ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ವ್ಯಕ್ತಿಯೊಬ್ಬರು ತಾವೇ ಸಾರ್ವಜನಿಕಗೊಳಿಸಿದ ವೈಯಕ್ತಿಕ ಡೇಟಾಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅಲ್ಲಿದೆ. ಅದಕ್ಕೆ ಕಾಯ್ದೆಯೇ ಒಂದು ಉದಾಹರಣೆ ಕೊಟ್ಟಿದೆ. ಒಬ್ಬಾಕೆ ತನ್ನ ಅಭಿಪ್ರಾಯಗಳನ್ನು ಬ್ಲಾಗಿನಲ್ಲಿ ಬರೆಯುತ್ತಾ ತನ್ನ ವೈಯಕ್ತಿಕ ವಿವರವನ್ನು ಸೋಶಿಯಲ್ ಮೀಡಿಯಾದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದಾಳೆ, ಅಂಥ ಸಂದರ್ಭದಲ್ಲಿ ಕಾಯ್ದೆ ಅನ್ವಯಿಸದು. ಇಡೀ ಕಾಯ್ದೆಯಲ್ಲಿ ನನ್ನ ಬಗ್ಗೆ ಇರುವ ಒಂದೇ ಸಾಲು ಅದು ಅನಿಸಿತು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅದಾಗಿ 18 ತಿಂಗಳಿಗೆ. ಅಷ್ಟರೊಳಗೆ ಈ ಉದಾಹರಣೆಯ ಬಗ್ಗೆ ಯಾರಾದರೂ ಗಟ್ಟಿಯಾಗಿ ಮಾತಾಡಬೇಕು.

ಹಕ್ಕುಸ್ವಾಮ್ಯದ ಕಡೆಯಿಂದಲೂ ಚರ್ಚೆ ನಡೆದಿದೆ. 2025ರ ಡಿಸೆಂಬರ್‌ನಲ್ಲಿ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ (ಡಿಪಿಐಐಟಿ) ಸಮಿತಿ ಒಂದು ಪ್ರಸ್ತಾವ ಮುಂದಿಟ್ಟಿತು. ಎಐ ಕಂಪನಿಗಳಿಗೆ ತರಬೇತಿಗಾಗಿ ಕಡ್ಡಾಯ ಲೈಸೆನ್ಸ್, ಪ್ರತಿಯಾಗಿ ಬರೆದವರಿಗೆ, ಹಾಡಿದವರಿಗೆ ರಾಯಲ್ಟಿ. ದುಡ್ಡು ಕೊಡಬೇಕು ಅಂದದ್ದು ದೊಡ್ಡ ಮಾತು. ಆದರೆ ನನ್ನದು ಬೇಡ ಅನ್ನುವ ಆಯ್ಕೆ ಅದರಲ್ಲೂ ಇಲ್ಲ. ದುಡ್ಡು ಕೊಟ್ಟರೆ ಕೇಳುವ ಅಗತ್ಯ ತಪ್ಪಿಹೋಗುತ್ತದೆಯೇ? ಹೊಲಕ್ಕೆ ಪರಿಹಾರ ಕೊಟ್ಟಿದ್ದೇವೆ ಅಂತ ಯಾರನ್ನೂ ಕೇಳದೆ ಕಾಲುವೆ ತೋಡಿದರೆ ಮಂಡ್ಯದ ರೈತರು ಸುಮ್ಮನಿರುತ್ತಾರಾ?

ವಾಟ್ಸಾಪಿನಲ್ಲಿ ಬರುವ ಫಾರ್ವರ್ಡ್ ಬಗ್ಗೆ ಒಂದು ಮಾತು. ‘ನನ್ನ ಫೋಟೊ, ಮಾಹಿತಿ ಬಳಸಲು ಮೆಟಾಗೆ ಅನುಮತಿ ಇಲ್ಲ’ ಅಂತ ಕಾಪಿ ಮಾಡಿ ಗೋಡೆಗೆ ಹಾಕಿಕೊಳ್ಳುವುದರಿಂದ ಏನೂ ಆಗುವುದಿಲ್ಲ. ಅದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ನಮ್ಮವರಿಗೆ ಬೇಡ ಅನ್ನುವ ಮನಸ್ಸು ಇದೆ, ಹೇಳಲು ಸರಿಯಾದ ಜಾಗ ಇಲ್ಲ ಅನ್ನುವುದಕ್ಕೆ ಆ ಫಾರ್ವರ್ಡ್ ಸಾಕ್ಷಿ. ಗೆಳೆಯರು, ಮನೆಯವರಿಗೆ ಕಳಿಸಿದ ಖಾಸಗಿ ಮೆಸೇಜುಗಳನ್ನು ತರಬೇತಿಗೆ ಬಳಸುವುದಿಲ್ಲ ಅಂತ ಮೆಟಾ ಹೇಳುತ್ತದೆ. ಆದರೆ ಆ ನೀಲಿ ಬಳೆಯನ್ನು ಒತ್ತಿ ಮೆಟಾ ಎಐ ಜೊತೆ ಆಡಿದ ಮಾತು, ಗುಂಪಿನಲ್ಲಿ ಯಾರಾದರೂ ಅದಕ್ಕೆ ತೋರಿಸಿದ ಮೆಸೇಜು ಈ ಭರವಸೆಯೊಳಗೆ ಬರುವುದಿಲ್ಲ. ಗುಂಪಿನ ಅಡ್ಮಿನ್‌ಗಳು ‘ಅಡ್ವಾನ್ಸ್‌ಡ್ ಚಾಟ್ ಪ್ರೈವಸಿ’ ಆನ್ ಮಾಡಿಡುವುದು ಒಳ್ಳೆಯದು. ನಮ್ಮ ಮನೆಯ ಗುಂಪಿನಲ್ಲಿ ಮಾಡಿದ್ದೇನೆ.

ಇನ್ನು ಮುಂದಿನದು ಬರೆಯಲು ಕಷ್ಟ. ನಮ್ಮಪ್ಪ ನಿವೃತ್ತಿಯ ನಂತರ ಫೇಸ್‌ಬುಕ್‌ನಲ್ಲಿ ಬರೆಯಲು ಶುರು ಮಾಡಿದ್ದರು. ದೇವರಾಜ ಮಾರುಕಟ್ಟೆಯ ಹಳೆಯ ಅಂಗಡಿಗಳ ಬಗ್ಗೆ, ತಾವು ಪಾಠ ಹೇಳಿದ ಹಳ್ಳಿಗಳ ಬಗ್ಗೆ. ಎಲ್ಲ ಪಬ್ಲಿಕ್. ಈಗ ಅಪ್ಪ ಇಲ್ಲ. ಬರಹ ಇದೆ. ಖಾತೆಯನ್ನು ಅಳಿಸಿಹಾಕಿ ಅಂತ ನಾನು ಕೇಳಬಹುದು. ಆದರೆ ಅಳಿಸಿದರೆ ಅವರ ಹಳೆಯ ಶಿಷ್ಯರು ಓದುವುದೂ ನಿಂತುಹೋಗುತ್ತದೆ. ಜನ ಓದಲಿ, ಯಂತ್ರ ಬೇಡ ಅಂತ ಹೇಳುವ ದಾರಿ ಇಲ್ಲ. ಅಪ್ಪನನ್ನು ಕೇಳಿದ್ದರೆ ಏನನ್ನುತ್ತಿದ್ದರೋ. ಕಲಿಸುವುದೆಂದರೆ ಇಷ್ಟಪಡುತ್ತಿದ್ದ ಮನುಷ್ಯ, ಕಲೀಲಿ ಅನ್ನುತ್ತಿದ್ದರೇನೋ. ಅವರ ಪರವಾಗಿ ನಾನು ಹೂಂ ಅನ್ನಲಾರೆ, ಊಹೂಂ ಅನ್ನಲೂ ಆರೆ. ಕಾಯ್ದೆಯಲ್ಲಿ, ಸತ್ತ ಮೇಲೆ ನಮ್ಮ ಡೇಟಾ ಹಕ್ಕನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸುವ ಅವಕಾಶ ಇಟ್ಟಿದ್ದಾರೆ. ಆದರೆ ಪಬ್ಲಿಕ್ ಆಗಿ ಇಟ್ಟದ್ದಕ್ಕೆ ಕಾಯ್ದೆಯೇ ಇಲ್ಲವಲ್ಲ.

ಊರಿಗೆ ಹೋದಾಗ ಚಿಕ್ಕವ್ವನ ಜೊತೆ ಕೂತು ಇದನ್ನೆಲ್ಲ ಹೇಳಿದೆ. ಚಿಕ್ಕವ್ವ ಸೋಬಾನೆ ಪದ ಹೇಳುವುದರಲ್ಲಿ ಎತ್ತಿದ ಕೈ. ಮಗ ಫೋನ್ ಕೊಡಿಸಿದ ಮೇಲೆ ಪದಗಳನ್ನು ಫೇಸ್‌ಬುಕ್‌ಗೆ ಹಾಕುತ್ತಾರೆ, ಕೆಲವನ್ನು ಬರೆದು, ಕೆಲವನ್ನು ಹಾಡಿ. ಜೊತೆಗೆ ಮೊಮ್ಮಗಳ ಫೋಟೊ, ತಮ್ಮ ಆಪರೇಷನ್ ಆದಾಗಿನ ಕಥೆ, ಎಲ್ಲವೂ ಇದೆ.

‘ನನ್ ಮಾತ್ ತಕ್ಕಂಡು ಅವ್ರೇನ್ ಮಾಡಾರು ಕನವ್ವ?’ ಅಂದರು.

‘ಯಂತ್ರಕ್ಕೆ ಕನ್ನಡ ಕಲಿಸ್ತಾರೆ ಚಿಕ್ಕವ್ವ. ಆಮೇಲೆ ಅದನ್ನ ಮಾರ್ತಾರೆ.’

ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಪದ ನಮ್ಮವ್ವ ಹೇಳ್ಕೊಟ್ಟಿದ್ದು, ಅವ್ರಿಗೆ ಅವ್ರವ್ವ. ಅದು ಎಲ್ರುದೂವೆ. ಅದ್ ಇರ್ಲಿ ಬುಡು, ಯಾರ್ ಬೇಕಾರೂ ಕಲೀಲಿ. ಮಗೀನ್ ಫೋಟೊ ತಗುದ್ಬುಡು. ಆಪ್ರೇಸನ್‌ದೂ ತಗಿ, ಅದು ನನ್ದು.’

ಕಾಯ್ದೆ ಮಾಡದ ವಿಂಗಡಣೆಯನ್ನು ಚಿಕ್ಕವ್ವ ಒಂದು ಉಸಿರಿನಲ್ಲಿ ಮಾಡಿ ಮುಗಿಸಿದರು. ಅವರು ಹೇಳಿದ ಹಾಗೇ ಮಾಡಲು ಕೂತೆವು. ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಅನ್ನುವುದನ್ನು ಒತ್ತಿದರೆ ಹಳೆಯದೆಲ್ಲ ಒಂದೇ ಏಟಿಗೆ ಫ್ರೆಂಡ್ಸ್‌ಗೆ ಮಾತ್ರ ಆಗುತ್ತದೆ, ಪದಗಳೂ ಅದರಲ್ಲಿ ಹೋಗುತ್ತವೆ. ಅದಕ್ಕೇ ಒಂದೊಂದಾಗಿ ತೆರೆದು ಬದಲಾಯಿಸಬೇಕಾಯಿತು. ಚಿಕ್ಕವ್ವ ಪಕ್ಕದಲ್ಲಿ ಕೂತು ‘ಇದ್ ಇರ್ಲಿ’, ‘ಇದ್ ಬ್ಯಾಡ’ ಅಂತ ಹೇಳುತ್ತಾ ಹೋದರು. ಆಮೇಲೆ ನೋಡಿದರೆ ಅದೇ ಮಗುವಿನ ಫೋಟೊಗಳು ಮದುವೆ ಆಲ್ಬಂ ಮಾಡಿದ ಸ್ಟುಡಿಯೋ ಪುಟದಲ್ಲೂ ಇದ್ದವು. ನಾವು ಏನೇ ಆಫ್ ಮಾಡಿದರೂ, ಇನ್ನೊಬ್ಬರು ಪಬ್ಲಿಕ್ ಆಗಿ ಹಾಕಿದ ಫೋಟೊದಲ್ಲಿ ನಾವಿದ್ದರೆ ಅದು ತರಬೇತಿಗೆ ಹೋಗಬಹುದು ಅಂತ ಮೆಟಾ ತಾನೇ ಹೇಳಿದೆ. ಖಾತೆಯೇ ಇಲ್ಲದವರ ವಿಷಯದಲ್ಲೂ ಹಾಗೇ. ಸ್ಟುಡಿಯೋದ ಹುಡುಗನಿಗೆ ಫೋನ್ ಮಾಡಿ ವಿಷಯ ಹೇಳಿದೆ. ‘ಅಕ್ಕಾ, ಯಾರೂ ಇದುವರೆಗೆ ಕೇಳೇ ಇಲ್ಲ’ ಅಂದ. ಮಕ್ಕಳಿರುವ ಫೋಟೊಗಳನ್ನು ಆವತ್ತೇ ತೆಗೆದ. ಇನ್ನು ಮುಂದೆ ಆಲ್ಬಂ ಹಾಕುವ ಮೊದಲು ಮನೆಯವರನ್ನು ಕೇಳುತ್ತೇನೆ ಅಂತಲೂ ಹೇಳಿದ. ಆ ಆಲ್ಬಮ್ಮಿನಿಂದ ನೆಂಟರು ಇಳಿಸಿಕೊಂಡು ತಮ್ಮ ತಮ್ಮ ಗೋಡೆಗೆ ಹಾಕಿಕೊಂಡಿರುವವು ಇನ್ನೂ ಇವೆ. ಅವರನ್ನೂ ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದೇನೆ.